ಹವಳಕ್ಕೆ ಶಾಖ ತಾಳುವ ಪಾಚಿಯನ್ನು ಕೊಟ್ಟರೆ ಲಕ್ಷದ್ವೀಪದ ದಿಬ್ಬಗಳು ಉಳಿದಾವೇ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಕುಂಬಳೆ

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆ ಸಮೀಪದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಸಹಜೀವನದ ಪಾಠ ಬಂದಾಗ ಕಲ್ಲುಹೂವು, ದ್ವಿದಳ ಸಸ್ಯಗಳ ಬೇರುಗಂಟು ಮುಂತಾದ ಮಾಮೂಲಿ ಉದಾಹರಣೆಗಳ ಜೊತೆಗೆ ಹವಳವನ್ನೂ ಸೇರಿಸಿಕೊಳ್ಳುವುದು ನನ್ನ ರೂಢಿ. ಅದಕ್ಕೆ ಕಾರಣವೂ ಇದೆ. ನಮ್ಮ ಕಡಲಿನ ಪಶ್ಚಿಮಕ್ಕಿರುವ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ಹವಳದ ಮೇಲೆಯೇ ನಿಂತ ನೆಲ. 1956ರ ನವೆಂಬರ್ 1ರವರೆಗೆ ಅವೂ ನಮ್ಮ ಕಾಸರಗೋಡಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಒಂದೇ ದಿನ ನಾವು ಕೇರಳಕ್ಕೂ ಅವು ಕೇಂದ್ರಾಡಳಿತಕ್ಕೂ ಹೋದೆವು ಎಂದರೆ ಮಕ್ಕಳಿಗೆ ಆ ದ್ವೀಪಗಳು ದೂರದ್ದೆಂದು ಅನ್ನಿಸುವುದಿಲ್ಲ.

ಈ ಸಲ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, ಹೆಚ್ಚು ಬಿಸಿಯನ್ನು ತಾಳಬಲ್ಲ ಪಾಚಿಯನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳೆಸಿದ್ದಾರೆಂದು ತಾನು ಓದಿರುವುದಾಗಿ ಹೇಳಿ, "ಅದನ್ನೇ ಎಲ್ಲ ಹವಳಗಳಿಗೂ ಕೊಟ್ಟರೆ ಸಮಸ್ಯೆ ಮುಗಿಯಿತಲ್ಲ ಟೀಚರ್?" ಎಂದು ಕೇಳಿದ. ಹೌದೆನ್ನಲೂ ಇಲ್ಲವೆನ್ನಲೂ ನನಗೆ ಆಧಾರವಿರಲಿಲ್ಲ. ಮತ್ತೊಬ್ಬಳು, ಅಷ್ಟು ಹತ್ತಿರದ ದ್ವೀಪಗಳಲ್ಲಿ ಹವಳವಿರುವಾಗ ನಮ್ಮ ಕುಂಬಳೆ, ಬೇಕಲದ ಕಡಲಿನಲ್ಲಿ ಏಕಿಲ್ಲ ಎಂದು ಕೇಳಿದಳು. ಈ ವಿಷಯದಲ್ಲಿ ಕೆಲಸ ಮಾಡಿದವರು ಇಲ್ಲಿ ಇದ್ದರೆ, ಪ್ರೌಢಶಾಲೆಯ ಮಟ್ಟಕ್ಕೆ ಇಳಿಸಬೇಕೆಂಬ ಸಂಕೋಚವಿಲ್ಲದೆ ವಿವರಿಸಿ. ಇಳಿಸುವ ಕೆಲಸವನ್ನು ನಾನು ಮಾಡಿಕೊಳ್ಳುತ್ತೇನೆ.

ಉತ್ತರ: ಸಮುದ್ರಜೀವಿ ಸಂಶೋಧಕ, ಊರು ಮಂಜೇಶ್ವರ

ಟೀಚರ್, ಆ ಹುಡುಗನ ಪ್ರಶ್ನೆಯನ್ನು ನಮ್ಮ ಕ್ಷೇತ್ರದವರು ಮೂವತ್ತು ವರ್ಷಗಳಿಂದ ಕೇಳಿಕೊಳ್ಳುತ್ತಿದ್ದಾರೆ. ಹವಳ ಮತ್ತು ಪಾಚಿಯ ಸಂಬಂಧವೇ ನನ್ನ ಸಂಶೋಧನೆಯ ವಿಷಯವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮೊದಲೇ ಹೇಳಿಬಿಡುವುದಾದರೆ, ಪಾಚಿ ಬದಲಾದರೆ ಹವಳಕ್ಕೆ ಒಂದಿಷ್ಟು ಕಾಲಾವಕಾಶ ಸಿಗುತ್ತದೆ. ಆದರೆ ದಿಬ್ಬ, ಅಂದರೆ ಹವಳಗಳ ಸುಣ್ಣದ ಅಸ್ಥಿ ಸೇರಿ ಕಟ್ಟಿದ ರೀಫ್, ಉಳಿಯುವುದೂ ಅಳಿಯುವುದೂ ಎರಡು ಬಿಸಿಗಾಲಗಳ ನಡುವೆ ಅದಕ್ಕೆ ಎಷ್ಟು ವರ್ಷಗಳ ಬಿಡುವು ಸಿಕ್ಕಿತು ಎಂಬುದರ ಮೇಲೆ.

ಹವಳ ಒಂದು ಪ್ರಾಣಿ. ಅದರ ಒಳಪದರದ ಕೋಶಗಳೊಳಗೆ, ಒಂದು ತೆಳುಪೊರೆಯ ಚೀಲದಲ್ಲಿ, ಏಕಕೋಶೀಯ ಪಾಚಿ ವಾಸಿಸುತ್ತದೆ. ಉಗುರಿನಷ್ಟು ಹವಳದ ತುಂಡಿನ ಮೇಲೆ ಏರ್‌ಬ್ರಷ್‌ನಿಂದ ಸಮುದ್ರದ ನೀರನ್ನು ರಭಸವಾಗಿ ಹಾಯಿಸಿದರೆ ಅಂಗಾಂಶವೆಲ್ಲ ಕಿತ್ತುಬಂದು ಕಂದು ಬಣ್ಣದ ಮಂದ ದ್ರವವಾಗುತ್ತದೆ, ಉಳಿಯುವುದು ಬಿಳಿಯ ಸುಣ್ಣದ ಅಸ್ಥಿ ಮಾತ್ರ. ಆ ದ್ರವದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಗಾತ್ರದ, ಗುಂಡಗಿನ, ಹೊಂಗಂದು ಕೋಶಗಳು ಕಣ್ಣು ತುಂಬ ಕಾಣುತ್ತವೆ. ಆರೋಗ್ಯವಂತ ಹವಳದ ಒಂದು ಚದರ ಸೆಂಟಿಮೀಟರಿನಲ್ಲಿ ಇಂಥವು ಹತ್ತು ಲಕ್ಷದ ಆಸುಪಾಸು ಇರುತ್ತವೆ. ಈ ಪಾಚಿ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ, ಕೊಬ್ಬಿನಂಶಗಳೇ ಹವಳದ ಶಕ್ತಿಯ ಅಗತ್ಯದಲ್ಲಿ 90 ಶೇಕಡಾದವರೆಗೆ ಒದಗಿಸಬಲ್ಲವು. ಹವಳ ಅದಕ್ಕೆ ಪ್ರತಿಯಾಗಿ ಇಂಗಾಲದ ಡೈಆಕ್ಸೈಡು, ಅಮೋನಿಯಂ, ಫಾಸ್ಫೇಟುಗಳನ್ನೂ ವಾಸಕ್ಕೆ ಜಾಗವನ್ನೂ ಕೊಡುತ್ತದೆ. ಪೋಷಕಾಂಶ ತೀರಾ ಕಡಿಮೆಯಿರುವ ಉಷ್ಣವಲಯದ ತಿಳಿನೀರಿನಲ್ಲಿ ಇಷ್ಟೊಂದು ಜೀವರಾಶಿ ನಿಂತಿರುವುದು ಈ ಕೊಡುಕೊಳ್ಳುವಿಕೆಯಿಂದಲೇ.

ನೀರಿನ ಉಷ್ಣತೆ ವಾಡಿಕೆಯ ಬೇಸಿಗೆಗಿಂತ ಕೇವಲ 1 ಡಿಗ್ರಿ ಏರಿ ಕೆಲವು ವಾರ ಹಾಗೆಯೇ ನಿಂತರೆ ಈ ಏರ್ಪಾಟು ಕೆಡುತ್ತದೆ. ಪಾಚಿಯ ದ್ಯುತಿಸಂಶ್ಲೇಷಣೆಯ ಅಂಗಗಳು ಹಾಳಾಗಿ, ಅಂಗಾಂಶಕ್ಕೆ ವಿಷವಾಗುವಂಥ ಕ್ರಿಯಾಶೀಲ ಆಮ್ಲಜನಕ ಹೊರಬರುತ್ತದೆ, ಹವಳ ಪಾಚಿಯನ್ನು ಹೊರಹಾಕುತ್ತದೆ, ಬಿಳಿಚಿಕೊಳ್ಳುತ್ತದೆ ಎಂಬುದು ಬಹುಕಾಲದ ವಿವರಣೆ. ಅದು ತಪ್ಪಲ್ಲ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಿಳಿಚುವುದಕ್ಕೂ ಮೊದಲೇ ಹವಳ ಹಸಿದಿರುತ್ತದೆ ಎಂದು ತೋರಿಸಿತು. ಬಿಸಿಯಲ್ಲಿ ಹವಳದ ಶಕ್ತಿಯ ಬೇಡಿಕೆ ಏರಿ ಅದು ತನ್ನದೇ ಅಮೈನೋ ಆಮ್ಲಗಳನ್ನು ಒಡೆಯತೊಡಗುತ್ತದೆ. ಆಗ ಬಿಡುಗಡೆಯಾಗುವ ಅಮೋನಿಯಂ ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿ ಸೊಂಪಾಗಿ ಬೆಳೆಯುತ್ತ, ತಾನು ತಯಾರಿಸಿದ ಸಕ್ಕರೆಯನ್ನು ತಾನೇ ಉಳಿಸಿಕೊಳ್ಳುತ್ತದೆ. ಹವಳ ಇನ್ನೂ ಕಂದಾಗಿಯೇ ಕಾಣುತ್ತಿರುವಾಗ ಒಳಗಿನ ಲೆಕ್ಕಾಚಾರ ತಲೆಕೆಳಗಾಗಿರುತ್ತದೆ. ಬಣ್ಣ ನೋಡಿ ಆರೋಗ್ಯ ಹೇಳುವವರ ವರದಿಗಳನ್ನು ನಾನು ಅನುಮಾನದಿಂದಲೇ ಓದುವುದು ಇದಕ್ಕೆ.

ಇನ್ನು ಶಾಖ ತಾಳುವ ಪಾಚಿಯ ಮಾತು. ಹಿಂದೆ ಈ ಪಾಚಿಗಳನ್ನೆಲ್ಲ ಒಂದೇ ಕುಲಕ್ಕೆ ಸೇರಿಸಿ ಎ, ಬಿ, ಸಿ, ಡಿ ಎಂದು ಗುಂಪು ಮಾಡಿದ್ದರು. 2018ರಲ್ಲಿ ಅವನ್ನು ಬೇರೆ ಬೇರೆ ಕುಲಗಳಾಗಿ ವಿಂಗಡಿಸಲಾಯಿತು. ಸಿ ಗುಂಪು ಈಗ ಕ್ಲಾಡೋಕೋಪಿಯಮ್, ಡಿ ಗುಂಪು ಡುರುಸ್ಡಿನಿಯಮ್. ಡಿ ಗುಂಪಿನವು ಬಿಸಿಗೆ ಗಟ್ಟಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಅಕ್ರೋಪೋರಾ ಮಿಲೆಪೋರಾ ಎಂಬ ಹವಳದಲ್ಲಿ ಸಿ ಹೋಗಿ ಡಿ ಬಂದಾಗ ತಾಳುವ ಶಕ್ತಿ 1ರಿಂದ 1.5 ಡಿಗ್ರಿಯಷ್ಟು ಹೆಚ್ಚಿತೆಂದು ಬರ್ಕೆಲ್ಮನ್ಸ್ ಮತ್ತು ವಾನ್ ಓಪನ್ 2006ರಲ್ಲಿ ವರದಿ ಮಾಡಿದರು. ಕೇಳಲು ಚೆನ್ನಾಗಿದೆ. ಆದರೆ ಅದಕ್ಕೆ ಎರಡು ವರ್ಷ ಮೊದಲೇ, ಎಳೆಯ ಅಕ್ರೋಪೋರಾಗಳು ಸಿ ಪಾಚಿಯೊಂದಿಗೆ ಇದ್ದಾಗ ಡಿ ಪಾಚಿಯೊಂದಿಗೆ ಇದ್ದುದಕ್ಕಿಂತ ಎರಡು ಮೂರು ಪಟ್ಟು ವೇಗವಾಗಿ ಬೆಳೆದದ್ದು ಕಂಡುಬಂದಿತ್ತು. ಗಟ್ಟಿ ಪಾಚಿ ಯಜಮಾನನಾದ ಹವಳಕ್ಕೆ ಕೊಡುವ ಆಹಾರ ಕಡಿಮೆ. ಆದ್ದರಿಂದಲೇ ನೀರು ತಣಿದು ಕೆಲವು ವರ್ಷ ಕಳೆದರೆ ಅನೇಕ ಹವಳಗಳಲ್ಲಿ ಹಳೆಯ ಸಿ ಮತ್ತೆ ಮೇಲುಗೈ ಪಡೆಯುತ್ತದೆ.

ನಮ್ಮ ಜಿಲ್ಲೆಯ ಮನೆಮನೆಗೂ ಪರಿಚಯವಿರುವ ಗಲ್ಫಿನ ಉದಾಹರಣೆಯನ್ನೂ ಮಕ್ಕಳಿಗೆ ಹೇಳಬಹುದು. ಪರ್ಷಿಯನ್ ಕೊಲ್ಲಿಯ ಹವಳಗಳು ಬೇಸಿಗೆಯಲ್ಲಿ 34 ಡಿಗ್ರಿ ಮೀರುವ ನೀರಿನಲ್ಲಿ ಬದುಕುತ್ತವೆ. ಬೇರೆಡೆಯ ಹವಳ ಅಲ್ಲಿ ಒಂದು ಬೇಸಿಗೆಯನ್ನೂ ದಾಟಲಾರದು. ಅವುಗಳೊಳಗೆ ಕ್ಲಾಡೋಕೋಪಿಯಮ್ ಥರ್ಮೋಫಿಲಮ್ ಎಂಬ ವಿಶೇಷ ಪಾಚಿ ಇದೆ. ಇಷ್ಟಿದ್ದೂ 2017ರ ಬೇಸಿಗೆಯಲ್ಲಿ ನೀರನ್ನು ತಣಿಸುವ ಶಮಾಲ್ ಗಾಳಿ ಸರಿಯಾಗಿ ಬೀಸದೆ ಕೊಲ್ಲಿಯ ದಕ್ಷಿಣ ಭಾಗದಲ್ಲಿ ಹವಳದ ಮೂರನೆಯ ಎರಡರಷ್ಟು ಭಾಗ ಸತ್ತಿತು. ಸಾವಿರಾರು ವರ್ಷಗಳಲ್ಲಿ ಒಗ್ಗಿಕೊಂಡ ಜೋಡಿಗೂ ಒಂದು ಮಿತಿಯಿದೆ.

ನಿಮ್ಮ ವಿದ್ಯಾರ್ಥಿ ಓದಿದ್ದು ಬಹುಶಃ 2020ರ ಪ್ರಯೋಗವನ್ನು. ಕ್ಲಾಡೋಕೋಪಿಯಮ್‌ನ ಹತ್ತು ತಳಿಗಳನ್ನು 31 ಡಿಗ್ರಿಯಲ್ಲಿ ನಾಲ್ಕು ವರ್ಷ ಬೆಳೆಸಿ, ಅನಂತರ ಹವಳದ ಲಾರ್ವಾಗಳಿಗೆ, ಅಂದರೆ ನೀರಿನಲ್ಲಿ ತೇಲಾಡುವ ಮರಿಗಳಿಗೆ, ಕೊಟ್ಟರು. ಹತ್ತೂ ತಳಿಗಳು ಗಾಜಿನ ಪಾತ್ರೆಯಲ್ಲಿ ಬಿಸಿಗೆ ಗಟ್ಟಿಯಾಗಿದ್ದವು; ಲಾರ್ವಾದೊಳಗೆ ಹೋದ ಮೇಲೆ ಅದರ ತಾಳಿಕೆಯನ್ನು ಹೆಚ್ಚಿಸಿದ್ದು ಮೂರು ಮಾತ್ರ. ಈ ಹತ್ತು ಮತ್ತು ಮೂರರ ನಡುವಿನ ಅಂತರದಲ್ಲಿಯೇ ನಮ್ಮ ಈಗಿನ ಸಂಶೋಧನೆಯ ಬಹುಪಾಲು ನಡೆಯುತ್ತಿದೆ.

ಪ್ರತಿಕ್ರಿಯೆ: ಬದಿಯಡ್ಕದ ಕೃಷಿಕ

ಸರ್, ವಿವರಣೆ ಸೊಗಸಾಗಿದೆ, ಆದರೆ ಕೊನೆಯ ಭಾಗ ನನಗೆ ಒಪ್ಪಿಗೆಯಾಗಲಿಲ್ಲ. ಅಲಸಂಡೆ, ಉದ್ದು ಬಿತ್ತುವಾಗ ಬೇರುಗಂಟಿನ ಬ್ಯಾಕ್ಟೀರಿಯಾವಾದ ರೈಜೋಬಿಯಮ್‌ನ ಪೊಟ್ಟಣವನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಿನಲ್ಲಿ ಆರಿಸಿ ಬಿತ್ತುವುದು ನಮ್ಮಲ್ಲಿ ಎಷ್ಟೋ ಕಾಲದಿಂದ ಇದೆ. ಅದೂ ಸಹಜೀವನವೇ, ಅಲ್ಲಿಯೂ ಒಳ್ಳೆಯ ತಳಿಯನ್ನು ಆರಿಸಿ ಕೊಡುವುದೇ. ಹತ್ತರಲ್ಲಿ ಮೂರು ತಳಿ ಸಿಕ್ಕಿದ್ದೇ ದೊಡ್ಡದಲ್ಲವೇ? ಆ ಮೂರನ್ನೇ ಬೆಳೆಸಿ ಕೊಡುವುದಕ್ಕೆ ಅಡ್ಡಿಯೇನು? ಸಂಶೋಧಕರು ಯಾವಾಗಲೂ ಇನ್ನಷ್ಟು ಸಂಶೋಧನೆ ಬೇಕೆನ್ನುತ್ತಾರೆ, ಅಷ್ಟರಲ್ಲಿ ಬೆಳೆ ಒಣಗಿರುತ್ತದೆ ಎಂಬುದು ಕೃಷಿಕರಾದ ನಮ್ಮ ಅನುಭವ. ಬೇಸರಿಸಬಾರದು.

ಉತ್ತರ: ಸಮುದ್ರಜೀವಿ ಸಂಶೋಧಕ

ಬೇಸರವೇನಿಲ್ಲ ಅಣ್ಣ, ಈ ಹೋಲಿಕೆ ಬಹಳ ಉಪಯುಕ್ತವಾದುದು. ಪೊಟ್ಟಣದ ರೈಜೋಬಿಯಮ್ ಹಾಕಿದರೂ ಕೆಲವು ಗದ್ದೆಗಳಲ್ಲಿ ಫಲ ಕಾಣದಿರುವುದನ್ನು ನೀವು ನೋಡಿರುತ್ತೀರಿ. ಮಣ್ಣಿನಲ್ಲಿ ಮೊದಲೇ ಬೇರೂರಿದ ಸ್ಥಳೀಯ ತಳಿಗಳು ಹೊಸಬನಿಗೆ ಗಂಟಿನಲ್ಲಿ ಜಾಗ ಬಿಟ್ಟುಕೊಡುವುದಿಲ್ಲ. ಹವಳದಲ್ಲಿಯೂ ಇದೇ ತೊಡಕು, ಇನ್ನೂ ಬಿಗಿಯಾಗಿ ಇದೆ. ಬೆಳೆದ ಹವಳದ ಕೋಶಗಳು ಹಳೆಯ ಪಾಚಿಯಿಂದ ತುಂಬಿರುತ್ತವೆ; ಹೊರಗಿನಿಂದ ಬಂದದ್ದು ನೆಲೆ ನಿಲ್ಲುವುದು ಅಪರೂಪ. ಅಕ್ರೋಪೋರಾದಂಥ ಹವಳಗಳ ಲಾರ್ವಾಗಳು ಬರಿಗೈಯಲ್ಲಿ ಹುಟ್ಟಿ ಸಮುದ್ರದಿಂದ ಪಾಚಿಯನ್ನು ಪಡೆಯುತ್ತವೆಯಾದ್ದರಿಂದ ಆ ಹಂತದಲ್ಲಿ ನಮ್ಮ ಪಾಚಿಯನ್ನು ಸೇರಿಸಲು ಒಂದು ಸಣ್ಣ ಅವಕಾಶವಿದೆ. ಆದರೆ ಮಾಂಟಿಪೋರಾ, ಪೋರೈಟೀಸ್, ಪೊಸಿಲೋಪೋರಾಗಳಲ್ಲಿ ತಾಯಿಯೇ ಮೊಟ್ಟೆಯೊಳಗೆ ಪಾಚಿಯನ್ನು ಇಟ್ಟು ಕಳುಹಿಸುತ್ತದೆ, ಆ ಅವಕಾಶವೂ ಇಲ್ಲ.

ಆಶೆಗೆ ಎಡೆಯಿಲ್ಲವೆಂದು ಹೇಳುತ್ತಿಲ್ಲ. 2023ರಲ್ಲಿ ಬೆಳೆದ ಗ್ಯಾಲಾಕ್ಸಿಯಾ ಹವಳವನ್ನು ರಾಸಾಯನಿಕದಿಂದ ಮೊದಲು ಬಿಳಿಚಿಸಿ, ಖಾಲಿಯಾದ ಜಾಗಕ್ಕೆ ಶಾಖಕ್ಕೆ ಪಳಗಿದ ಪಾಚಿಯನ್ನು ಸೇರಿಸಿದಾಗ, ಬೆಳವಣಿಗೆ ಕುಂದದೆಯೇ ತಾಳಿಕೆ ಹೆಚ್ಚಿತು. ಡಿ ಗುಂಪಿನ ಪಾಚಿಗೆ ತೆರಬೇಕಾಗಿದ್ದ ಬೆಲೆಯನ್ನು ಇಲ್ಲಿ ತೆರಬೇಕಾಗಲಿಲ್ಲ ಎಂಬುದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ಇದು ತೊಟ್ಟಿಯೊಳಗೆ, ಒಂದೊಂದೇ ತುಂಡನ್ನು ಕೈಯಲ್ಲಿ ಹಿಡಿದು ಮಾಡುವ ಕೆಲಸ. ನಿಮ್ಮ ಉದ್ದಿಗೆ ಪ್ರತಿ ಬಿತ್ತನೆಯಲ್ಲೂ ಪೊಟ್ಟಣ ಕಲಸಬಹುದು. ಚದರ ಕಿಲೋಮೀಟರುಗಟ್ಟಲೆ ಹರಡಿರುವ, ದಶಕಗಳ ಕಾಲ ಬದುಕುವ ದಿಬ್ಬವನ್ನು ಮೊದಲು ಬಿಳಿಚಿಸಿ ಮತ್ತೆ ತುಂಬುವುದು ಸಾಧ್ಯವಿಲ್ಲ. ಜೊತೆಗೆ ಪ್ರಯೋಗಾಲಯದ ಪಾಚಿಯನ್ನು ಕಡಲಿಗೆ ಬಿಟ್ಟ ಮೇಲೆ ಹಿಂದಕ್ಕೆ ಕರೆಯಲಾಗದು ಎಂಬ ಎಚ್ಚರವೂ ಬೇಕು.

ಪ್ರತಿಕ್ರಿಯೆ: ಹಿಂದೆ ಕಡಮತ್‌ನಲ್ಲಿ ಸರಕಾರಿ ಸೇವೆಯಲ್ಲಿದ್ದವರು, ಉಪ್ಪಳ

ಚರ್ಚೆ ಪಾಚಿಯ ಸುತ್ತಲೇ ತಿರುಗುತ್ತಿದೆ. ಮೀನಿನ ವಿಷಯವನ್ನು ಯಾರೂ ಎತ್ತಲಿಲ್ಲ. ದ್ವೀಪದವರ ಮುಖ್ಯ ಮೀನುಗಾರಿಕೆ ಹೊರಗಡಲಿನ ಟ್ಯೂನಾ, ಅಲ್ಲಿಯವರ ಬಾಯಲ್ಲಿ ಚೂರ. ದಿಬ್ಬದೊಳಗಿನ ತಿಳಿನೀರಿನಲ್ಲಿ ಸಣ್ಣ ಮೀನುಗಳನ್ನು ನುಣ್ಣನೆಯ ಬಲೆಯಲ್ಲಿ ಹಿಡಿದು, ದೋಣಿಯ ತೊಟ್ಟಿಯಲ್ಲಿ ಜೀವಂತವಾಗಿಯೇ ಒಯ್ದು, ಟ್ಯೂನಾ ಹಿಂಡು ಕಂಡಲ್ಲಿ ಎರಚಿ, ಕೋಲಿಗೆ ಕಟ್ಟಿದ ಗಾಳದಿಂದ ಒಂದೊಂದೇ ಎತ್ತಿ ಹಾಕುವ ಪದ್ಧತಿ. ಹಾಗಾಗಿ ದಿಬ್ಬದ ಮೇಲಿನ ಗಿಳಿಮೀನಿನಂಥ ದೊಡ್ಡ ಮೀನುಗಳಿಗೆ ಕೈಹಾಕುವುದು ಕಡಿಮೆಯಿತ್ತು. ಈಗ ದಿಬ್ಬದ ಮೀನಿಗೂ ಹೊರಗಿನ ಮಾರುಕಟ್ಟೆಯ ಬೇಡಿಕೆ ಬಂದಿದೆ. ಸತ್ತ ಹವಳದ ಮೇಲೆ ಬೆಳೆಯುವ ಹುಲ್ಲಿನಂಥ ಪಾಚಿಯನ್ನು ತಿನ್ನುವುದು ಈ ಮೀನುಗಳೇ ತಾನೆ? ಅವು ಹೋದರೆ ನೀವು ಯಾವ ತಳಿಯನ್ನು ತಯಾರಿಸಿದರೇನು, ಹೊಸ ಹವಳ ಕೂರಲು ಜಾಗವೆಲ್ಲಿ?

ಉತ್ತರ: ಸಮುದ್ರಜೀವಿ ಸಂಶೋಧಕ

ನೀವು ಹೇಳಿದ್ದು ಸರಿಯಾಗಿದೆ, ಮತ್ತು ಇದು ನನ್ನ ಮೊದಲ ಉತ್ತರದಲ್ಲಿನ ಬಿಡುವಿನ ಮಾತಿಗೆ ನೇರವಾಗಿ ಬಂದು ಸೇರುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳ ಭಾರಿ ಪ್ರಮಾಣದಲ್ಲಿ ಸತ್ತ ಮೇಲೂ ಹಲವು ದಿಬ್ಬಗಳು ಚೇತರಿಸಿಕೊಂಡವು; ಪಾಚಿ ಮೇಯುವ ಮೀನುಗಳು ಹೇರಳವಾಗಿ ಉಳಿದಿದ್ದುದು ಅದಕ್ಕೆ ಒಂದು ಮುಖ್ಯ ಕಾರಣವೆಂದು ಅಲ್ಲಿ ದೀರ್ಘಕಾಲ ಕೆಲಸ ಮಾಡಿದ ಸಂಶೋಧಕರು ಗುರುತಿಸಿದ್ದಾರೆ. ಹವಳದ ಲಾರ್ವಾ ಕೂರಲು ಸ್ವಚ್ಛವಾದ ಗಟ್ಟಿ ಮೇಲ್ಮೈ ಬೇಕು. ಗಿಳಿಮೀನು ತನ್ನ ಕೊಕ್ಕಿನಂಥ ಹಲ್ಲಿನಿಂದ ಕೆರೆದು ಹೋದ ಜಾಗ ಅಂಥದು. ಅದು ಕಡಿದ ಸುಣ್ಣದ ಭಾಗ ಹೊಟ್ಟೆಯಲ್ಲಿ ಅರೆದು ಮರಳಾಗಿ ಹೊರಬಂದು ದ್ವೀಪದ ದಂಡೆಗೂ ಸೇರುತ್ತದೆ.

ಆದರೆ ಮೀನು ನೀರನ್ನು ತಣಿಸಲಾರದು. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 1998ರಿಂದ 2022ರವರೆಗೆ ನಡೆದ ಗಣತಿಯಲ್ಲಿ ಜೀವಂತ ಹವಳದ ಹೊದಿಕೆ ಸುಮಾರು 37 ಶೇಕಡಾದಿಂದ 20 ಶೇಕಡಾಕ್ಕೂ ಕೆಳಗೆ ಇಳಿದದ್ದು ದಾಖಲಾಗಿದೆ. ಇದರಲ್ಲಿ ನನ್ನ ಗಮನ ಸೆಳೆದ ಅಂಶ ಬೇರೆಯೇ. 1998, 2010, 2016ರ ಮೂರು ಬಿಸಿ ಅಲೆಗಳಲ್ಲಿ ಪ್ರತಿ ಸಲವೂ ಸತ್ತ ಹವಳದ ಪಾಲು ಹಿಂದಿನದಕ್ಕಿಂತ ಕಡಿಮೆಯೇ ಆಗಿದೆ. ಅಂದರೆ ಉಳಿದವು ಗಟ್ಟಿಯಾಗಿವೆ. ಅದರಲ್ಲಿ ಪಾಚಿಯ ಪಾಲೂ ಇರಬಹುದು, ಸೂಕ್ಷ್ಮ ಜಾತಿಗಳು ಸತ್ತು ಒರಟು ಜಾತಿಗಳು ಉಳಿದುಕೊಂಡ ಪಾಲೂ ಇರಬಹುದು. ಹಾಗಿದ್ದರೂ ಒಟ್ಟು ಹೊದಿಕೆ ಇಳಿಯುತ್ತಲೇ ಹೋಯಿತು. ಹೊಸ ಹವಳ ಕುಳಿತು, ಬೆಳೆದು, ದಿಬ್ಬವನ್ನು ಮತ್ತೆ ತುಂಬತೊಡಗಲು ಸುಮಾರು ಆರು ವರ್ಷ ಬೇಕಾಗುತ್ತದೆ. ಮೊದಲ ಎರಡು ಅಲೆಗಳ ನಡುವೆ ಹನ್ನೆರಡು ವರ್ಷ ಸಿಕ್ಕಿತ್ತು. ಮುಂದಿನದಕ್ಕೆ ಆರು ಮಾತ್ರ. ಚೇತರಿಕೆ ವೇಗ ಪಡೆಯುವ ಹೊತ್ತಿಗೆ ಸರಿಯಾಗಿ 2016 ಬಂತು. ಅನಂತರ 2024ರ ಬೇಸಿಗೆಯಲ್ಲಿ, ಜಗತ್ತಿನ ನಾಲ್ಕನೆಯ ಸಾಮೂಹಿಕ ಬಿಳಿಚುವಿಕೆಯ ಭಾಗವಾಗಿ, ಲಕ್ಷದ್ವೀಪವೂ ವ್ಯಾಪಕವಾಗಿ ಬಿಳಿಚಿತು. ಇದರ ಜೊತೆಗೆ ಶಾಖ ತಾಳುವ, ಆದರೆ ನಿಧಾನವಾಗಿ ಬೆಳೆಯುವ ಜೋಡಿಯೇ ದಿಬ್ಬದ ತುಂಬ ಉಳಿದರೆ ಆ ಆರು ವರ್ಷ ಇನ್ನೂ ಉದ್ದವಾಗುತ್ತದೆ. ಟೀಚರ್, ನಿಮ್ಮ ಹುಡುಗನಿಗೆ ಈ ಕೊನೆಯ ವಾಕ್ಯವನ್ನು ದಯವಿಟ್ಟು ಹೇಳಿ. ತಾಳಿಕೆಯೂ ಚೇತರಿಕೆಯೂ ಒಂದಕ್ಕೊಂದು ಎದುರಾಗುವ ಸಂದರ್ಭವಿದು.

ಮಂಜೇಶ್ವರದಿಂದ ಬೇಕಲದವರೆಗೆ ಹವಳದ ದಿಬ್ಬ ಏಕಿಲ್ಲ ಎಂಬುದಕ್ಕೆ ಉತ್ತರ ನಿಮ್ಮ ಶಾಲೆಯ ಕಿಟಕಿಯಾಚೆಯೇ ಇದೆ. ಮಳೆಗಾಲದಲ್ಲಿ ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳು ಕೆಂಪು ನೀರನ್ನು ಕಡಲಿಗೆ ತಂದು ಸುರಿಯುತ್ತವೆ. ತೀರದ ನೀರಿನ ಉಪ್ಪು ಇಳಿಯುತ್ತದೆ, ಬೆಳಕು ಕೆಳಕ್ಕೆ ಹೋಗುವುದಿಲ್ಲ, ಕೆಸರು ಕೂರುತ್ತದೆ. ಜೊತೆಗೆ ಮುಂಗಾರಿನ ಹೊತ್ತಿಗೆ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ತೀರದತ್ತ ಮೇಲೇಳುತ್ತದೆ. ತಳವೂ ಬಹುಪಾಲು ಮರಳು, ಕೆಸರು. ಹವಳಕ್ಕೆ ಒಲ್ಲದ ಸಂಗತಿಗಳೆಲ್ಲ ಒಟ್ಟಾಗಿವೆ ಎನ್ನಿ. ತೀರದಿಂದ ದೂರ ಸರಿದು ಕಲ್ಲಿನ ತಳ ಸಿಕ್ಕಲ್ಲಿ ಚಿತ್ರ ಬದಲಾಗುತ್ತದೆ. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿಯೂ ಇನ್ನೂ ಉತ್ತರಕ್ಕೆ ಮಹಾರಾಷ್ಟ್ರದ ಮಾಲ್ವಣದಲ್ಲಿಯೂ ಹವಳವಿದೆ.

ಪ್ರತಿಕ್ರಿಯೆ: ವಿಜ್ಞಾನ ಶಿಕ್ಷಕಿ, ಕುಂಬಳೆ

ಎಲ್ಲರಿಗೂ ಕೃತಜ್ಞತೆಗಳು. ಹತ್ತರಲ್ಲಿ ಮೂರು ಮತ್ತು ಆರು ವರ್ಷದ ಲೆಕ್ಕ, ಇವೆರಡರಿಂದಲೇ ಒಂದು ತರಗತಿ ನಡೆಸಬಹುದು. ಮಕ್ಕಳೇ ಮಾಡಿ ನೋಡುವಂಥ ಲೆಕ್ಕ ಯಾವುದಾದರೂ ಇದೆಯೇ? ಲಕ್ಷದ್ವೀಪಕ್ಕೆ ಹೋಗಿಬಂದ ಮನೆಯವರು ಇಟ್ಟುಕೊಂಡಿರುವ ಹವಳದ ತುಂಡುಗಳನ್ನು ತರುವುದಾಗಿ ಕೆಲವು ಮಕ್ಕಳು ಹೇಳುತ್ತಿದ್ದಾರೆ. ತರಿಸಲೇ?

ಉತ್ತರ: ಸಮುದ್ರಜೀವಿ ಸಂಶೋಧಕ

ತುಂಡುಗಳನ್ನು ತರಿಸಬೇಡಿ ಟೀಚರ್. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಇವೆ. ಸತ್ತ ತುಂಡೇ ಆದರೂ ತರಗತಿಗೆ ತರಿಸುವುದು ತೊಂದರೆಗೆ ದಾರಿ. ನಾವೂ ಪರವಾನಗಿಯಿಲ್ಲದೆ ಮುಟ್ಟುವಂತಿಲ್ಲ. ಸೂಕ್ಷ್ಮದರ್ಶಕದಲ್ಲಿ ತೆಗೆದ ಪಾಚಿಕೋಶಗಳ ಚಿತ್ರಗಳನ್ನು ನಾನು ಕಳುಹಿಸಿಕೊಡುತ್ತೇನೆ.

ಲೆಕ್ಕ ಹೀಗೆ ಮಾಡಿಸಿ. ಒಂದು ಸ್ಥಳದಲ್ಲಿ ವಾಡಿಕೆಯಂತೆ ಅತಿ ಬಿಸಿಯಾದ ತಿಂಗಳಿನ ಸರಾಸರಿ ನೀರಿನ ಉಷ್ಣತೆ 30 ಡಿಗ್ರಿ ಎಂದಿಟ್ಟುಕೊಳ್ಳೋಣ. ಹನ್ನೆರಡು ವಾರಗಳ ಅವಧಿಯಲ್ಲಿ, ಇದಕ್ಕಿಂತ 1 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಬಿಸಿಯಿದ್ದ ವಾರಗಳ ಹೆಚ್ಚಳವನ್ನು ಮಾತ್ರ ಕೂಡಿಸಬೇಕು. ನಾಲ್ಕು ವಾರ 31.2 ಡಿಗ್ರಿ ಇದ್ದರೆ ಮೊತ್ತ 4.8, ಇನ್ನೆರಡು ವಾರ 30.8 ಇದ್ದರೆ ಅದನ್ನು ಸೇರಿಸುವಂತಿಲ್ಲ. ಮೊತ್ತ 4 ದಾಟಿದರೆ ಗಣನೀಯ ಬಿಳಿಚುವಿಕೆಯನ್ನೂ 8 ದಾಟಿದರೆ ವ್ಯಾಪಕ ಸಾವನ್ನೂ ನಿರೀಕ್ಷಿಸುತ್ತಾರೆ. ಸಾಗರ ಮತ್ತು ವಾತಾವರಣವನ್ನು ಅಧ್ಯಯನ ಮಾಡುವ ಅಮೆರಿಕದ ನೋವಾ ಸಂಸ್ಥೆ ಇದೇ ಕ್ರಮದಲ್ಲಿ ಜಗತ್ತಿನ ದಿಬ್ಬಗಳ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್ ಕೂಡ ಉಪಗ್ರಹದ ಉಷ್ಣತೆಯ ಆಧಾರದಲ್ಲಿ ಲಕ್ಷದ್ವೀಪ ಸೇರಿದಂತೆ ಭಾರತದ ದಿಬ್ಬಗಳಿಗೆ ಮುನ್ನೆಚ್ಚರಿಕೆ ಕೊಡುತ್ತದೆ. ಲಕ್ಷದ್ವೀಪದ ನೀರು ಅತಿ ಬಿಸಿಯಾಗುವುದು ಮುಂಗಾರಿಗೆ ಮೊದಲು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಆಗ ನಿಮಗೆ ಬೇಸಿಗೆ ರಜೆಯಾದ್ದರಿಂದ, ಅಂಕಿಗಳನ್ನು ಬರೆದಿಟ್ಟುಕೊಂಡು ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಕೂಡಿಸುವುದು ಅನುಕೂಲ.